ಹಸಿರು ವೈರು ಬಿಚ್ಚಿದ ದಿನ

ಯಂತ್ರದ ಹತ್ತಿರ ಹೋದಾಗಲೆಲ್ಲ ನಮ್ಮ ಮೇಡಂ ಅವರ ಎಡಗೈ ಕಾಣುತ್ತಿರಲಿಲ್ಲ. ಅದನ್ನು ಬೆನ್ನ ಹಿಂದೆ ಒಯ್ದು, ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ನಿಲ್ಲುತ್ತಿದ್ದರು. ಕೆಲಸವೆಲ್ಲ ಬಲಗೈಯದೇ. "ಎರಡೂ ಕೈ ಮುಂದಿಟ್ರೆ ಕರೆಂಟಿಗೆ ಎದಿ ಮೇಲೆ ದಾರಿ ಬಿಟ್ಟಂಗೆ" ಎಂದು ಕಾಲೇಜಿನ ಲ್ಯಾಬಿನಲ್ಲಿ ಮೊದಲ ದಿನವೇ ಹೇಳಿದ್ದರು. ಹುಡುಗರು ಹಿಂದಿನಿಂದ ಆ ನಿಲುವನ್ನು ಅಣಕಿಸುತ್ತಿದ್ದರು. ಗೊತ್ತಾದರೆ, "ಚೆನ್ನಾಗಿ ಅಣಕಿಸ್ರಿ, ಹಂಗಾದ್ರೂ ಅಭ್ಯಾಸ ಆಗ್ಲಿ" ಎನ್ನುತ್ತಿದ್ದರು.

ನಿವೃತ್ತರಾದ ಮೇಲೆ ಅವರು ಹರಪನಹಳ್ಳಿಯಲ್ಲಿದ್ದರು. ನಾನು ಕೊಟ್ಟೂರಿನಲ್ಲಿ, ಟ್ರ್ಯಾಕ್ಟರ್ ಎಂಜಿನ್ ಬಿಚ್ಚಿ ಹೊಸದಾಗಿ ಕಟ್ಟುವ ವರ್ಕ್‌ಶಾಪಿನಲ್ಲಿ ಎಂಜಿನಿಯರ್. ಕಟ್ಟಿದ ಎಂಜಿನ್ನಿಗೆ ಎಷ್ಟು ಬಲವಿದೆ ಎಂದು ಅಳೆಯಲು ನಮ್ಮಲ್ಲಿ ಡೈನಮೋಮೀಟರ್ ಇದೆ. ಒಂದು ಬೇಸಿಗೆಯಲ್ಲಿ ಅದರ ಮೀಟರಿನ ಅಂಕಿಗಳು ಕುಣಿಯತೊಡಗಿದವು. ಎಂಜಿನ್ ನಿಂತಿದ್ದರೂ ಬಲ ತೋರಿಸುತ್ತಿತ್ತು. ಸೆನ್ಸರ್ ಬದಲಿಸಿದೆವು, ಮೀಟರ್ ಬದಲಿಸಿದೆವು, ಕುಣಿತ ನಿಲ್ಲಲಿಲ್ಲ. ಮೇಡಂಗೆ ಫೋನ್ ಮಾಡಿದೆ. "ನಾಳೆ ಮೊದಲ್ನೇ ಬಸ್ಸಿಗೆ ಬರ್ತೀನಿ" ಎಂದರು.

ಅವರು ಬರುವ ಮೊದಲೇ ನಮ್ಮ ಮೇಸ್ತ್ರಿ ಯಂತ್ರವನ್ನು ಸರಿಮಾಡಿಬಿಟ್ಟಿದ್ದ. ಹೊಸಹಳ್ಳಿ ಕಡೆಯವನು, ಉತ್ಸಾಹಿ.

"ಬರ್ರಿ ಸರ, ನೋಡ್ರಿ! ಕೂಸು ಮಲಗಿದಂಗ ಮಲಗೇತಿ" ಎಂದು ಮೀಟರ್ ತೋರಿಸಿದ. ಅಂಕಿ ಸೊನ್ನೆಯಲ್ಲಿ ಅಲುಗದೆ ನಿಂತಿತ್ತು.

ಮುನಿದ ಯಂತ್ರ ಸಮಾಧಾನವಾದರೆ ಪೂಜೆ ಆಗಲೇಬೇಕು. ಅದು ನಮ್ಮ ವರ್ಕ್‌ಶಾಪಿನ ಪದ್ಧತಿ. ನೆಲ ತೊಳೆದಿದ್ದರು. ಎಲ್ಲರ ಚಪ್ಪಲಿ ಹೊರಗೆ. ಪೂಜೆಯ ಹೊತ್ತಿಗೆ ಯಂತ್ರ ಎಚ್ಚರವಿರಬೇಕೆಂದು ನೀರಿನ ಪಂಪನ್ನೂ ಓಡಿಸಿದ್ದರು. ಮೇಸ್ತ್ರಿ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಮೂರು ಬೆರಳಿಗೆ ವಿಭೂತಿ ಬಳಿದುಕೊಂಡು, ಯಂತ್ರದ ಕಬ್ಬಿಣದ ಮೈಗೆ ಕೈ ಚಾಚಿದ. ನಾನು ಪಕ್ಕದಲ್ಲೇ ಕಾಯಿ ಹಿಡಿದು ನಿಂತಿದ್ದೆ.

"ಏಯ್! ಮುಟ್ಟಬ್ಯಾಡ!"

ಬಾಗಿಲಲ್ಲಿ ಮೇಡಂ. ಅವರ ಅಷ್ಟು ದೊಡ್ಡ ದನಿಯನ್ನು ನಾನು ಕೇಳಿರಲೇ ಇಲ್ಲ. ಮೇಸ್ತ್ರಿಯ ಕೈ ಗಾಳಿಯಲ್ಲೇ ನಿಂತಿತು. ಮೇಡಂ ಬಿರಬಿರನೆ ಬಂದು ಗೋಡೆಯ ಮೇನ್ ಸ್ವಿಚ್ಚನ್ನು ಕೆಳಕ್ಕೆ ಎಳೆದರು. ಅದರ ಪಕ್ಕ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಹಸಿರು ವೈರು ಬಿಚ್ಚಿಕೊಂಡು ಜೋತಾಡುತ್ತಿತ್ತು. ಒಳಗೆ ಬರುತ್ತಲೇ ಅವರ ಕಣ್ಣಿಗೆ ಬಿದ್ದದ್ದು ಅದೇ.

"ಅರ್ತಿಂಗ್ ಬಿಚ್ಚಿದೋರು ಯಾರು?"

"ನಾನ ರೀ ಮೇಡಮ್ಮಾರ. ಅದನ್ನ ಬಿಚ್ಚಿದ ಕೂಡ್ಲೇ ಕೂಸು ತೆಪ್ಪಗಾತು."

"ಅಳೋ ಕೂಸಿನ ಬಾಯಿ ಮುಚ್ಚೀರಿ. ಕಚ್ಚಿದ ಚೇಳು ಹಾಸಿಗ್ಯಾಗೇ ಐತೆ."

ಎಲ್ಲರನ್ನೂ ದೂರ ನಿಲ್ಲಿಸಿದರು. ಒಂದು ಬಲ್ಬಿನ ಒಂದು ವೈರನ್ನು ಯಂತ್ರದ ಮೈಗೆ, ಇನ್ನೊಂದನ್ನು ಅಂಗಳದ ಬೋರ್‌ವೆಲ್ಲಿನ ಕಬ್ಬಿಣದ ಪೈಪಿಗೆ ಸಿಕ್ಕಿಸಿ, ಮೇನ್ ಏರಿಸಿದರು. ಬಲ್ಬು ಹೊತ್ತಿಕೊಂಡಿತು. ಯಂತ್ರದ ಮೈಯಲ್ಲೆಲ್ಲ ಕರೆಂಟಿತ್ತು. ಮೇಸ್ತ್ರಿ ವಿಭೂತಿಯ ಬೆರಳುಗಳನ್ನು ಅಂಗಿಗೆ ಒರೆಸಿಕೊಂಡ. ಈಗಲೂ ಕನಸಿನಲ್ಲಿ ಆ ಮೂರು ಬೆರಳು ನನ್ನ ಕಣ್ಣ ಮುಂದೆ ಚಾಚುತ್ತಲೇ ಇರುತ್ತವೆ. ಕೆಲವು ಸಲ ಬಾಗಿಲಲ್ಲಿ ಮೇಡಂ ಇರುವುದಿಲ್ಲ.

ಮಧ್ಯಾಹ್ನದೊಳಗೆ ಚೇಳು ಸಿಕ್ಕಿತು. ಯಂತ್ರವನ್ನು ತಣ್ಣಗಿಡುವ ಆ ನೀರಿನ ಪಂಪಿನ ವೈರು ಕಬ್ಬಿಣಕ್ಕೆ ಉಜ್ಜಿ ಸಿಪ್ಪೆ ಸುಲಿದಿತ್ತು. ಅಲ್ಲಿಂದ ಸೋರಿದ ಕರೆಂಟು ಅರ್ತಿಂಗಿನ ಕಡೆ ಹೋಗುವಾಗ ಸೆನ್ಸರ್ ವೈರಿನ ಲೋಹದ ಹೊದಿಕೆಯಲ್ಲೂ ಹಾಯುತ್ತಿತ್ತು. ಅದಕ್ಕೇ ಆ ಕುಣಿತ. ಪಂಪಿನ ವೈರು ಬದಲಿಸಿದರು. ಎರಡೂ ತುದಿಯಲ್ಲಿ ಅರ್ತಿಂಗಿಗೆ ಕಟ್ಟಿದ್ದ ಆ ಹೊದಿಕೆಯ ಗಂಟನ್ನು, ಕರೆಂಟು ಹಾಯಲು ದಾರಿ ಸಿಗದಂತೆ, ಮೀಟರಿನ ತುದಿಯಲ್ಲಿ ಮಾತ್ರ ಉಳಿಸಿದರು. ಹಸಿರು ವೈರನ್ನು ತಾವೇ ಬಿಗಿದರು. ಹಿತ್ತಲಿನ ಅರ್ತಿಂಗ್ ಗುಂಡಿ ಬಿಸಿಲಿಗೆ ಬಿರುಕು ಬಿಟ್ಟಿತ್ತು. ಉಪ್ಪು, ಇದ್ದಿಲು ತುಂಬಿಸಿ ಕೊಡಗಟ್ಟಲೆ ನೀರು ಹೊಯ್ಯಿಸಿದರು. "ತುಳಸಿಗೆ ದಿನಾ ನೀರು ಹಾಕ್ತೀರಿ. ನಿಮ್ಮ ಜೀವ ಕಾಯೋ ಗುಂಡಿಗೆ ಯಾರು ಹಾಕ್ಬೇಕು?"

ಮೇಸ್ತ್ರಿ ಅಂಜುತ್ತ ಕೇಳಿದ: "ಪೂಜಿ ಮಾಡಿದ್ದು ತಪ್ಪಾತೇನ್ರಿ?"

"ಮಾಡಪ್ಪ, ಯಾರು ಬ್ಯಾಡ ಅಂದ್ರು? ಮೇನ್ ಆರಿಸಿ ಮಾಡು. ದೇವ್ರಿಗೆ ಕರೆಂಟ್ ಬೇಕಾಗಿಲ್ಲ."

ಈಗ ಅಂಕಿ ಕುಣಿದರೆ ನನಗೆ ಗಾಬರಿಯಿಲ್ಲ. ಮೇನ್ ಇಳಿಸುತ್ತೇನೆ, ಅರ್ತಿಂಗಿಗೆ ಕೈ ಹಚ್ಚದೆ ಒಂದೊಂದೇ ವೈರು ಹಿಡಿದು ಹುಡುಕುತ್ತೇನೆ. ಸಿಗುತ್ತದೆ. ಇದುವರೆಗೆ ಸಿಗದೆ ಹೋದದ್ದಿಲ್ಲ.

ಮೇಡಂ ಕಳೆದ ವರ್ಷ ತೀರಿಕೊಂಡರು. ನಾನೂ ಮೇಸ್ತ್ರಿಯೂ ಅಂತ್ಯಕ್ರಿಯೆಗೆ ಹೋಗಿದ್ದೆವು. ಅವನು ಹಿಡಿ ಮಣ್ಣು ಹಾಕಿ, ಜನ ಕರಗುವವರೆಗೂ ಅಲ್ಲೇ ನಿಂತಿದ್ದ. ಮರಳುವಾಗ ಬಸ್ಸು ಕೊಟ್ಟೂರು ಹತ್ತಿರ ಬಂದಾಗ ಕಿಟಕಿಯಿಂದ ನನ್ನ ಕಡೆ ತಿರುಗಿದ.

"ಅವತ್ತ ಅವ್ರು ನನ್ನ ಮಣ್ಣಿಗೆ ಬರಬೇಕಾಗಿತ್ರಿ ಸರ. ನಾನು ಅವ್ರ ಮಣ್ಣಿಗೆ ಹೋಗಿ ಬಂದೆ."