ಅಲೆ ಕೇಳುವ ದಂಡೆ

ಈದ್ ರಜೆಯಲ್ಲಿ ನಾವು ಒಂದು ಬೀಚು ಆರಿಸಬೇಕಿತ್ತು. ರಜೆಗೆ ಹೊರಟವರೆಲ್ಲ ಮಾಡುವ ಕೆಲಸವೇ ಅದು. ನಮ್ಮ ವಿಷಯದಲ್ಲಿ ನನ್ನ ಹೆಂಡತಿ ಸೌದಿಯಲ್ಲಿ ಉಳಿಯುತ್ತಾಳೋ ಇಲ್ಲವೋ ಎಂಬುದು ಆ ಆಯ್ಕೆಯ ಮೇಲೆ ನಿಂತಿತ್ತು.

ನಾನು ಮಂಗಳೂರಿನಲ್ಲಿ ಪತ್ರಿಕೆಯೊಂದರ ಉಪಸಂಪಾದಕನಾಗಿದ್ದೆ. ಅಲ್ಲಿನ ಡೆಸ್ಕ್ ಮುಚ್ಚಿದ ಮೇಲೆ ಜಿದ್ದಾದ ಒಂದು ಕಂಪನಿಯಲ್ಲಿ ವರದಿ, ಪ್ರಕಟಣೆಗಳನ್ನು ತಿದ್ದುವ ಕೆಲಸ ಸಿಕ್ಕಿತು. ಹೆಂಡತಿ ಉಡುಪಿಯ ಬಡಗು ದಿಕ್ಕಿನ ಒಂದು ಮೀನುಗಾರರ ಊರಿನವಳು, ಬ್ಯಾಂಕ್ ನೌಕರಿಯಲ್ಲಿರುವವಳು. ಮೊದಲ ಸಲ ದೀರ್ಘ ರಜೆ ಹಾಕಿ ಬಂದಾಗ ಜಿದ್ದಾದ ನಮ್ಮ ಫ್ಲ್ಯಾಟಿನಲ್ಲಿ ಕೆಲವು ತಿಂಗಳು ಇದ್ದಳು. ಅದರ ಒಂದೇ ಕಿಟಕಿ ಎದುರು ಕಟ್ಟಡದ ಎ.ಸಿ. ಪೆಟ್ಟಿಗೆಗಳ ಕಡೆಗೆ ತೆರೆಯುತ್ತಿತ್ತು. ಜಗಳವಾಡದೆ, ಅಳದೆ ಊರಿಗೆ ವಾಪಸು ಹೋದಳು.

ಈ ವರ್ಷ ಕಂಪನಿ ನನ್ನನ್ನು ಬಡಗಿನ ಬಂದರು ಊರಾದ ಯಾನ್ಬುಗೆ ವರ್ಗ ಮಾಡುವುದಾಗಿ ಹೇಳಿತು. ಕುಟುಂಬವಿದ್ದರೆ ಮನೆ ಕೊಡುತ್ತಾರೆ. ಅವಳು ವಿಸಿಟ್ ವೀಸಾದಲ್ಲಿ ಬಂದಳು. ಅವಳ ಬ್ಯಾಂಕಿನ ರಜೆ ಈದ್ ಜೊತೆಗೇ ಮುಗಿಯುತ್ತಿತ್ತು. ಅಷ್ಟರೊಳಗೆ ಅವಳು ಕೆಲಸಕ್ಕೆ ಮರಳಬೇಕು, ಇಲ್ಲವೇ ರಾಜೀನಾಮೆ ಕಳಿಸಬೇಕು.

"ನನಗೆ ಊರೇ ಬೇಕೂಂತ ಇಲ್ಲ," ಅಂದಳು. "ಕಡಲು ಇದ್ರೆ ಎಲ್ಲಿ ಬೇಕಾದ್ರೂ ಇರ್ತೇನೆ. ದಿನಾ ಸಂಜೆ ಹೋಗಿ ಕೂತ್ಕೊಳ್ಳುವಂಥ ಒಂದು ಬೀಚು ತೋರಿಸಿ, ಸಾಕು. ರಾಜೀನಾಮೆ ನಾನೇ ಬರೀತೇನೆ."

ಇಷ್ಟು ಸುಲಭದ ಷರತ್ತನ್ನು ನಾನು ನಿರೀಕ್ಷಿಸಿರಲಿಲ್ಲ. ಕೆಂಪು ಸಮುದ್ರ ಜಿದ್ದಾದಿಂದ ಯಾನ್ಬುವರೆಗೆ ಹೆದ್ದಾರಿಯ ಪಕ್ಕದಲ್ಲೇ ಬರುತ್ತದೆ. ಕಾರಿನಲ್ಲಿ ಹೊರಟು, ದಾರಿಯ ದಂಡೆಗಳನ್ನೆಲ್ಲ ನೋಡುತ್ತ, ಯಾನ್ಬುವಿನಲ್ಲಿರುವ ಮಂಗಳೂರಿನ ಗೆಳೆಯನ ಮನೆಗೆ ಹೋಗುವುದೆಂದು ತೀರ್ಮಾನವಾಯಿತು.

ಬೀಚು ಆರಿಸುವ ಬಗ್ಗೆ ನನಗೆ ಒಂದು ಬಗೆಯ ತಿಳಿವಳಿಕೆ ಇತ್ತು. ಭಾನುವಾರದ ಪುರವಣಿಗೆ ಪ್ರವಾಸ ಪುಟ ಕಟ್ಟುತ್ತಿದ್ದ ಕಾಲದಲ್ಲಿ, ಮೆಡಿಟರೇನಿಯನ್ ತೀರದಲ್ಲಿ ರಜೆ ಕಳೆಯುವವರು ಸರಿಯಾದ ದಂಡೆ ಹುಡುಕುವುದು ಹೇಗೆಂಬ ಲೇಖನಗಳು ಬೇಸಿಗೆ ಬಂತೆಂದರೆ ಬರುತ್ತಿದ್ದವು. ಗಾಳಿಗೆ ಮರೆಯಾದ ಕೊಲ್ಲಿ ನೋಡಿ, ಮರಳು ನುಣುಪಾಗಿರಲಿ, ನೆರಳು, ಶೌಚಾಲಯ ಹತ್ತಿರವಿರಲಿ, ಅಲೆ ಕಡಿಮೆಯಿದ್ದಷ್ಟೂ ಕುಟುಂಬಗಳಿಗೆ ಒಳ್ಳೆಯದು. ಆ ದಂಡೆಗಳನ್ನು ಬರೆದವರೂ ನೋಡಿರಲಿಲ್ಲ, ತಿದ್ದಿದ ನಾನೂ ನೋಡಿರಲಿಲ್ಲ, ಓದುವವರು ಹೋಗುವ ಸಂಭವವೂ ಇರಲಿಲ್ಲ. ಆದರೂ ಆ ನಿಯಮಗಳು ನನ್ನ ತಲೆಯಲ್ಲಿ ಉಳಿದಿದ್ದವು. ನಾನು ಮೈಸೂರಿನವನು. ಕರಾವಳಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದರೂ ಸಮುದ್ರವೆಂದರೆ ನನಗೆ ಭಾನುವಾರ ಸಂಜೆ ಹೋಗಿ ನೋಡಿಬರುವ ಜಾಗವಾಗಿತ್ತು.

ಮೊದಲು ಜಿದ್ದಾದ ಬಡಗು ಬದಿಯ ಒಂದು ಖಾಸಗಿ ಬೀಚಿಗೆ ಹೋದೆವು. ಅಲ್ಲಿ ಹೆಂಗಸರು ಇಷ್ಟಬಂದ ಉಡುಪಿನಲ್ಲಿ ನೀರಿಗಿಳಿಯಬಹುದು, ಯಾರೂ ಕೇಳುವುದಿಲ್ಲ ಎಂದು ಇಬ್ಬರು ಸಹೋದ್ಯೋಗಿಗಳಿಂದ ಖಚಿತ ಮಾಡಿಕೊಂಡಿದ್ದೆ. ಗೇಟಿನಲ್ಲಿ ಕೈಗೆ ಕಾಗದದ ಪಟ್ಟಿ ಸುತ್ತಿದರು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವೆಂದು ಚಿತ್ರಾನ್ನದ ಡಬ್ಬಿ ತೆಗೆದಿಟ್ಟುಕೊಂಡರು. ಬಿಳಿ ಕೊಡೆಗಳು, ಜರಡಿ ಹಿಡಿದಂಥ ಮರಳು, ಕಂಬ ಕಂಬಕ್ಕೆ ಸ್ಪೀಕರು. ನೀರು ಎಷ್ಟು ತಿಳಿಯೆಂದರೆ ಎದೆಮಟ್ಟಕ್ಕೆ ಇಳಿದು ನಿಂತರೂ ಕಾಲಿನ ಉಗುರು ಕಾಣುತ್ತಿತ್ತು.

ಅವಳು ಚೂಡಿದಾರದಲ್ಲೇ ಮೊಣಕಾಲವರೆಗೆ ಇಳಿದು ನಿಂತಳು. ತುಂಬ ಹೊತ್ತು ನಿಂತೇ ಇದ್ದಳು.

"ಹೇಗಿದೆ?" ಅಂದೆ. "ಅಲೆಯೇ ಇಲ್ಲ ನೋಡು. ಭಯವೇ ಇಲ್ಲ."

"ಈಜುಕೊಳಕ್ಕೆ ಉಪ್ಪು ಹಾಕಿದ ಹಾಗುಂಟು."

"ಇದಕ್ಕಿಂತ ಚೆನ್ನಾಗಿರೋದು ಎಲ್ಲಿದೆ ಹೇಳು?"

"ನಿಮಗೆ ಚಂದವೇ ಮಾರಾಯ್ರೆ. ಕುಕ್ಕರಹಳ್ಳಿ ಕೆರೆ ನೋಡಿ ದೊಡ್ಡವರಾದವರಲ್ವಾ," ಎಂದು ನಕ್ಕಳು. ಅವಳು ಆ ಪ್ರವಾಸದಲ್ಲಿ ಮನಬಿಚ್ಚಿ ನಕ್ಕದ್ದು ನನಗೆ ನೆನಪಿರುವಂತೆ ಅದೊಂದೇ ಸಲ. ಆಮೇಲೆ, "ಇದಕ್ಕೆ ಉಸಿರೇ ಇಲ್ಲ. ನನಗೆ ಇಲ್ಲೇ ಭಯ ಆಗುದು," ಅಂದಳು.

ಅವಳು ಹುಡುಕುತ್ತಿದ್ದುದು ಸದ್ದನ್ನು ಎಂದು ನನಗೆ ಗೊತ್ತಾದದ್ದು ಮರುದಿನ ಕಾರಿನಲ್ಲಿ. ಅವಳ ಮನೆ ರಸ್ತೆಗೂ ಮರಳಿಗೂ ನಡುವಿನ ಸಣ್ಣ ಜಾಗದಲ್ಲಿದೆ. ಅಲ್ಲಿ ಕಡಲನ್ನು ಯಾರೂ ಕೂತು ನೋಡುವುದಿಲ್ಲ; ನೋಡಲು ಯಾರಿಗೂ ಪುರಸೊತ್ತಿಲ್ಲ. ಕಡಲು ಕೇಳುತ್ತಿರುತ್ತದೆ. ಸದ್ದು ಯಾವ ದಿಕ್ಕಿನಿಂದ ಬರುತ್ತದೆಂಬುದರ ಮೇಲೆ ಮಳೆ ಹತ್ತಿರವೋ ದೂರವೋ ಎಂದು ಮನೆಯ ಹಿರಿಯರು ಹೇಳುತ್ತಿದ್ದರಂತೆ. ಏರುಬ್ಬರವೋ ಇಳಿತವೋ ಎಂಬುದನ್ನು ಮಕ್ಕಳು ಹಾಸಿಗೆಯಲ್ಲೇ ತಿಳಿಯುತ್ತಿದ್ದರಂತೆ.

"ಜಿದ್ದಾದಲ್ಲಿ ನನಗೆ ನಿದ್ರೆ ಬರ್ತಿರ್ಲಿಲ್ಲ ಅಂದಾಗ ನೀವು ಡಾಕ್ಟ್ರ ಹತ್ರ ಕರ್ಕೊಂಡು ಹೋದ್ರಿ, ನೆನಪುಂಟಾ?"

ನೆನಪಿತ್ತು. ಡಾಕ್ಟರು ವಿಟಮಿನ್ ಬರೆದುಕೊಟ್ಟಿದ್ದರು.

ದಾರಿಯಲ್ಲಿನ ರಾಬಿಗ್ ಪಟ್ಟಣ ದಾಟುವ ಮೊದಲು, ಹಿಂದೆ ಒಮ್ಮೆ ಸಹೋದ್ಯೋಗಿಗಳೊಡನೆ ಬಂದಿದ್ದ ಒಂದು ತೆರೆದ ದಂಡೆಗೆ ಕಾರು ತಿರುಗಿಸಿದೆ. ಅಲ್ಲಿ ಗಾಳಿಯಿತ್ತು, ಸಣ್ಣ ಅಲೆಗಳಿದ್ದವು ಎಂಬ ನೆನಪು. ಈಗ ಉದ್ದಕ್ಕೂ ತಗಡಿನ ಬೇಲಿ ಬಂದಿತ್ತು. ಬೇಲಿಯ ಮೇಲೆ ಮುಂದೆ ಬರಲಿರುವ ವಿಹಾರಧಾಮದ ಚಿತ್ರಗಳು. ಚಿತ್ರದ ಸಮುದ್ರದಲ್ಲೂ ಅಲೆ ಇರಲಿಲ್ಲ. ಕಾವಲುಗಾರ ಹೊರಗೆ ಬಂದು ಕೈಯಾಡಿಸಿದ. ಹೆದ್ದಾರಿಗೆ ಮರಳಿದೆವು. ಒಂದು ಬದಿಯಲ್ಲಿ ವಿದ್ಯುತ್ ಸ್ಥಾವರದ ಚಿಮಣಿಗಳು, ಇನ್ನೊಂದು ಬದಿಯಲ್ಲಿ ಬೇಲಿ. ಅವಳು ಸೀಟು ಹಿಂದಕ್ಕೆ ಮಾಡಿ ಕಣ್ಣು ಮುಚ್ಚಿದಳು. ನಿದ್ರೆ ಬಂದಿರಲಿಲ್ಲ.

ಯಾನ್ಬುವಿನಲ್ಲಿ ಗೆಳೆಯ ಮತ್ತು ಅವನ ಹೆಂಡತಿ ನಮ್ಮನ್ನು ಸಮುದ್ರದ ದಂಡೆಯಲ್ಲೇ ಬರಮಾಡಿಕೊಂಡರು. ಅವನು ಅಲ್ಲಿನ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರದ ಕೆಲಸದಲ್ಲಿರುವವನು. ಮನೆಮಾತು ಕೊಂಕಣಿ, ನಮ್ಮೊಡನೆ ಮಂಗಳೂರು ಕನ್ನಡ. ಅವರ ಮಕ್ಕಳು ಓದು ಮುಂದುವರಿಸಲು ಊರಿಗೆ ಹೋಗಿದ್ದಾರೆ. ದಂಡೆಗೆ ತಾಗಿ ಹುಲ್ಲುಹಾಸು, ಖರ್ಜೂರದ ಮರಗಳು, ಆಟದ ಮೈದಾನ. ಹುಲ್ಲಿನ ಮೇಲೆ ಸೌದಿ ಕುಟುಂಬಗಳು ಕಂಬಳಿ ಹಾಸಿ, ಕಾಫಿ ಫ್ಲಾಸ್ಕ್ ಇಟ್ಟು, ನೀರಿಗೆ ಬೆನ್ನು ಹಾಕಿ ಹರಟುತ್ತಿದ್ದವು. ಕಲ್ಲಿನ ತಡೆಗೋಡೆಯ ಒಳಗೆ ನೀರು ಕನ್ನಡಿಯ ಹಾಗೆ ನಿಂತಿತ್ತು.

"ಇದುವೇ ನಿಮ್ಮ ಬೀಚು," ಎಂದು ಗೆಳೆಯ ಕೆಂಡ ಊದುತ್ತ ಹೇಳಿದ. "ಕ್ವಾರ್ಟರ್ಸಿಂದ ನಡ್ಕೊಂಡು ಬರ್ಲಿಕ್ಕೆ ಆಗ್ತದೆ. ಟಾಯ್ಲೆಟ್ ಕ್ಲೀನ್. ಇನ್ನೆಂತ ಬೇಕು ಮಾರಾಯ?"

"ಅಲೆ ಬೇಕಂತೆ," ಅಂದೆ.

"ಅಲೆಯಾ?" ಅವನು ತಲೆ ಎತ್ತಿದ. "ಇಲ್ಲಿ ಬೀಚಿಗೆ ಬರುದು ಸಮುದ್ರ ನೋಡ್ಲಿಕ್ಕಲ್ಲ ಮಾರಾಯ, ಕೋಳಿ ಸುಡ್ಲಿಕ್ಕೆ. ಅಲೆ ಬಂದ್ರೆ ಕೆಂಡ ನಂದಿ ಹೋಗ್ತದೆ."

ಎಲ್ಲರೂ ನಕ್ಕೆವು. ಅವನ ಹೆಂಡತಿ ನನ್ನವಳ ತಟ್ಟೆಗೆ ಕೋಳಿ ಹಾಕುತ್ತ ಸಮಾಧಾನದ ದನಿಯಲ್ಲಿ ಹೇಳಿದಳು: "ಮೊದಲು ಬಂದಾಗ ನಾನೂ ಹೀಗೇ ಇದ್ದೆ ಮಾರಾಯ್ತಿ. ನಮ್ಮ ಮನೆಯೂ ಕಡಲ ಬದಿಯೇ ಅಲ್ವಾ. ಮಲಗಿದ್ರೆ ಕಿವಿ ಖಾಲಿ ಖಾಲಿ. ಅತ್ತದ್ದೂ ಉಂಟು. ಮತ್ತೆ ಎಲ್ಲ ಸರಿಯಾಯ್ತು."

"ಹೇಗೆ ಸರಿಯಾಯ್ತು?"

"ಹೇಗೇಂತ ಹೇಳುದು? ಆಯ್ತು. ಈಗ ಊರಿಗೆ ಹೋದ್ರೆ ಆ ಸದ್ದಿಗೆ ನನಗೆ ನಿದ್ರೆ ಬರುದಿಲ್ಲ. ಕಿಟಕಿ ಹಾಕಿ ಎ.ಸಿ. ಇಟ್ಕೊಳ್ತೇನೆ. ನಮ್ಮ ಅತ್ತೆ ಬೈಯ್ತಾರೆ, ಇವಳಿಗೆ ಗಲ್ಫ್ ನೆತ್ತಿಗೇರಿದೆ ಅಂತ."

ಅವಳು ಇದನ್ನು ಹೇಳಿದ್ದು ಧೈರ್ಯ ತುಂಬಲೆಂದೇ. ಅದರಲ್ಲಿ ನನಗೆ ಸಂಶಯವಿಲ್ಲ. ನನಗೂ ಅದು ಒಳ್ಳೆಯ ಸಾಕ್ಷ್ಯದಂತೆ ಕೇಳಿತು: ಇದೇ ತೊಂದರೆ ಇದ್ದ ಇನ್ನೊಬ್ಬಳು ಗುಣವಾಗಿದ್ದಾಳೆ. ನನ್ನ ಹೆಂಡತಿ ಮಾತ್ರ ತಟ್ಟೆ ಹಿಡಿದುಕೊಂಡು ಆಕೆಯ ಮುಖವನ್ನೇ ನೋಡುತ್ತಿದ್ದಳು. ಕೈಯಲ್ಲಿದ್ದ ತುಂಡು ಬಾಯಿಗೆ ಹೋಗಲಿಲ್ಲ.

ಮರುದಿನ ಮಧ್ಯಾಹ್ನ ಗೆಳೆಯ ಒಂದು ದಾರಿ ಹೇಳಿದ. ಊರಿನ ಬಡಗಿಗೆ, ಡಾಂಬರು ಮುಗಿದ ಮೇಲೂ ಸ್ವಲ್ಪ ಹೋಗಬೇಕು. ಹವಳದ ದಿಬ್ಬ ಅಲ್ಲಿ ದಂಡೆಗೆ ಹತ್ತಿರ ಬರುತ್ತದೆ. ತೆರೆದ ಸಮುದ್ರದ ಅಲೆ ದಿಬ್ಬದ ಅಂಚಿಗೆ ಬಡಿಯುವುದು ಕೇಳುತ್ತದೆ. ಗಾಳ ಹಾಕುವ ಕೇರಳದ ಇಬ್ಬರನ್ನು ಕೇಳಿ ನಾನು ಅದನ್ನು ಖಚಿತ ಮಾಡಿಕೊಂಡೆ. ನಾನು, ಅವಳು ಇಬ್ಬರೇ ಹೊರಟೆವು.

ಅದು ಪ್ರವಾಸ ಪುಟದ ಯಾವ ನಿಯಮಕ್ಕೂ ಹೊಂದುವ ಬೀಚಾಗಿರಲಿಲ್ಲ. ನೆರಳಿರಲಿಲ್ಲ. ಮರಳಿನಲ್ಲಿ ಸತ್ತ ಹವಳದ ಚೂಪಾದ ಚೂರುಗಳು, ಪ್ಲಾಸ್ಟಿಕ್ ಬಾಟಲಿಗಳು, ಯಾರೋ ಬಿಟ್ಟುಹೋದ ಹರಿದ ಚಾಪೆ. ಎದುರಿಗೆ ಮೊಣಕಾಲುದ್ದದ ಹಸಿರು ನೀರು ಬಹಳ ದೂರದವರೆಗೆ ಅಲುಗದೆ ಹರಡಿತ್ತು. ಅದರ ಆಚೆ, ನೀರಿನ ಬಣ್ಣ ಒಮ್ಮೆಲೇ ಕಡುನೀಲಿಯಾಗುವಲ್ಲಿ, ಒಂದು ಬಿಳಿಯ ಗೆರೆ ಏಳುತ್ತಿತ್ತು, ಬೀಳುತ್ತಿತ್ತು.

ಕಾರಿನ ಎಂಜಿನ್ ನಿಲ್ಲಿಸಿದೆ. ಗಾಳಿ ತಗ್ಗಿದಾಗ ಕೇಳಿತು. ಗುಡುಗಲ್ಲ, ಮೊರೆತವೂ ಅಲ್ಲ. ಪಕ್ಕದ ಮನೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿರುವ ಹಾಗೆ, ತಡೆದು ತಡೆದು ಬರುವ ಸದ್ದು. ಆದರೆ ಅದು ಸಮುದ್ರದ್ದೇ.

ಅವಳು ಹರಿದ ಚಾಪೆಯ ಮೇಲೆ ಕೂತಳು. ನಾನು ಪಕ್ಕದಲ್ಲಿ ನಿಂತೆ.

"ಕೇಳ್ತಾ ಇದೆಯಾ?"

"ಕೇಳ್ತಾ ಉಂಟು."

ಗೆದ್ದೆ ಅಂದುಕೊಂಡೆ. ಮನೆಯಿಂದ ಇಲ್ಲಿಗೆ ಕಾರಿನಲ್ಲಿ ಎಷ್ಟು ಹೊತ್ತು, ಯಾವ ದಿನ ಕೆಲಸ ಬೇಗ ಬಿಡುತ್ತದೆ, ಅವಳೇ ಡ್ರೈವಿಂಗ್ ಕಲಿತರೆ ನನ್ನನ್ನು ಕಾಯಬೇಕಾಗಿಲ್ಲ ಎಂದೆಲ್ಲ ಹೇಳುತ್ತ ಹೋದೆ. ಅವಳು ತಡೆಯಲಿಲ್ಲ. ನನ್ನ ಮಾತು ತಾನಾಗಿಯೇ ಮುಗಿದ ಮೇಲೆ ಶುರುಮಾಡಿದಳು.

"ಇದು ನನಗೆ ಸಾಕಾಗ್ತದೆ. ಅದೇ ತೊಂದರೆ."

"ಏನೇ ಹಾಗಂದ್ರೆ?"

"ಒಂದು ವರ್ಷ ಇದನ್ನೇ ಕೇಳಿದ್ರೆ ಇಷ್ಟೇ ಸಾಕು ಅನಿಸ್ತದೆ. ಮತ್ತೊಂದು ವರ್ಷಕ್ಕೆ ಇದೂ ಬೇಡ, ಆ ಹುಲ್ಲಿನ ಮೇಲೆ ಕೂತ್ರೂ ಆಗ್ತದೆ. ಆಮೇಲೆ ಊರಿಗೆ ಹೋದಾಗ ನಿಮ್ಮ ಗೆಳೆಯರ ಮನೆಯ ಅಕ್ಕನ ಹಾಗೆ ನಾನೂ ಕಿಟಕಿ ಹಾಕ್ತೇನೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಅಕ್ಕ ಒಳ್ಳೆಯವರು. ಆದ್ರೆ ಅವರಿಗೆ ಎಂತ ಹೋಯ್ತೂಂತ ಅವರಿಗೇ ಗೊತ್ತಿಲ್ಲ ಮಾರಾಯ್ರೆ. ನಾನು ನೋಡಿದೆ ನಿನ್ನೆ. ಗೊತ್ತೇ ಇಲ್ಲ."

"ಅಭ್ಯಾಸ ಆಗೋದು ತಪ್ಪಾ?"

"ತಪ್ಪಲ್ಲ. ನನಗೆ ಬೇಡ."

"ಮತ್ತೆ ನಾನು?"

"ನೀವು ಬನ್ನಿ."

"ಬಂದು ಏನು ಮಾಡ್ಲಿ?"

ಉತ್ತರ ಇಬ್ಬರಿಗೂ ಗೊತ್ತಿತ್ತು. ಮಂಗಳೂರಿನ ಡೆಸ್ಕ್ ಈಗ ಗೋದಾಮು. ನನ್ನ ಜೊತೆ ಕೆಲಸ ಮಾಡಿದವರಲ್ಲಿ ಒಬ್ಬರು ಕಟ್ಟಡ ಸಾಮಗ್ರಿ ಮಾರುತ್ತಾರೆ. ಇನ್ನೊಬ್ಬರು ಕೆಲಸ ಹುಡುಕುವುದನ್ನು ನಿಲ್ಲಿಸಿದ್ದಾರೆ. ನನ್ನ ವಯಸ್ಸಿನವರಿಗೆ ಆ ಊರಿನಲ್ಲಿ ತಿದ್ದಲು ಏನೂ ಉಳಿದಿಲ್ಲ. ಅವಳ ಒಬ್ಬಳ ಸಂಬಳದಲ್ಲಿ ಕೂತು ಉಣ್ಣುವುದು ನನ್ನಿಂದ ಆಗದೆಂದು ಅವಳಿಗೂ ಗೊತ್ತು. ನನ್ನಿಂದ ಆಗದ್ದನ್ನು ಅವಳು ಯಾವತ್ತೂ ಕೇಳಿದವಳಲ್ಲ.

ಕರಾವಳಿ ಕಾವಲಿನ ಜೀಪು ಬಂದು ದೂರದಲ್ಲೇ ನಿಂತಿತು. ಸೂರ್ಯ ಮುಳುಗಿದ ಮೇಲೆ ಇಲ್ಲಿ ಯಾರೂ ಇರುವಂತಿಲ್ಲವೆಂದು ಒಬ್ಬ ಸೈನಿಕ ಸಭ್ಯವಾಗಿಯೇ ಕೂಗಿ ಹೇಳಿದ. ನಾವು ಏಳುವುದು ತಡವಾದದ್ದಕ್ಕೆ ಇನ್ನೊಮ್ಮೆ, "ಯಲ್ಲಾ, ಯಲ್ಲಾ," ಎಂದು ಅರಬಿಯಲ್ಲಿ ಅವಸರಿಸಿದ. ಅವಳು ಎದ್ದು ಬಟ್ಟೆಯ ಮರಳು ಕೊಡವಿದಳು. ಕಾರು ಡಾಂಬರು ಮುಟ್ಟುವ ಮೊದಲೇ, ರಜೆ ಮುಗಿದ ದಿನವೇ ಕೆಲಸಕ್ಕೆ ಬರುತ್ತೇನೆಂದು ಬ್ಯಾಂಕಿಗೆ ಸಂದೇಶ ಕಳಿಸಿದಳು. ಕಳಿಸುವ ಮೊದಲು ನನಗೆ ಓದಿ ಹೇಳಿದಳು. ಅದರಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ.

ಅವಳು ಹೋದ ಮೇಲೆ ನಾನು ಯಾನ್ಬುಗೆ ಬಂದೆ. ಕುಟುಂಬ ಬಂದಿಲ್ಲವಾದ್ದರಿಂದ ಮನೆಯ ಬದಲು ಒಂದು ಕೋಣೆ ಕೊಟ್ಟಿದ್ದಾರೆ. ಕೆಲಸಕ್ಕೆ ತೊಂದರೆಯಿಲ್ಲ. ಬಡಗಿನ ಆ ದಂಡೆಗೆ ಮತ್ತೆ ಹೋಗಿಲ್ಲ.

ಸಂಜೆ ಅವಳು ಫೋನ್ ಮಾಡುತ್ತಾಳೆ. ಊರಿನಲ್ಲಿ ಮಳೆಗಾಲ ಶುರುವಾದ ವಾರ ಒಂದು ದಿನ, "ಕೇಳಿ, ಕೇಳಿ, ಇವತ್ತು ಹೇಗುಂಟು ನೋಡಿ," ಎಂದು ಫೋನನ್ನು ಕಿಟಕಿಯ ಹೊರಗೆ ಹಿಡಿದಳು. ನಾನು ಎ.ಸಿ. ಆರಿಸಿ ಕಿವಿಗೊಟ್ಟೆ.

"ಕೇಳ್ತಾ ಉಂಟಾ?"

"ಇಲ್ಲ."

"ಎಂತ ಇಲ್ಲ? ಇಲ್ಲಿ ಕಿವಿ ಒಡೀತಾ ಉಂಟು!"

ಫೋನು ಮಾತನ್ನು ಮಾತ್ರ ಉಳಿಸಿಕೊಳ್ಳುತ್ತದೆ, ಹಿಂದಿನಿಂದ ಎಡೆಬಿಡದೆ ಬರುವ ಸದ್ದನ್ನು ಗದ್ದಲವೆಂದು ತಿಳಿದು ತೆಗೆದುಹಾಕುತ್ತದೆ ಎಂದು ವಿವರಿಸಿದೆ. ಅದನ್ನು ಬದಲಿಸಲು ಆಗುತ್ತದೋ ಎಂದು ಕೇಳಿದಳು. ಗೊತ್ತಿಲ್ಲವೆಂದೆ. ಇನ್ನೊಮ್ಮೆ ಹಿಡಿಯುತ್ತೇನೆ, ಈ ಸಲ ಮಾತಾಡುವುದಿಲ್ಲ, ಸುಮ್ಮನೆ ಕೇಳಿ ಅಂದಳು.

ಅವಳು ಸುಮ್ಮನಾದಳು. ನನ್ನ ಕಡೆ ಏನೂ ಬರಲಿಲ್ಲ. ಕರೆ ಕಡಿದುಹೋಯಿತೇನೋ ಎಂದು ಫೋನು ಮುಂದೆ ಹಿಡಿದು ನೋಡಿದೆ. ಕಡಿದಿರಲಿಲ್ಲ.