ರಾಜರತ್ನಣ್ಣ ಕಚ್ಛಕ್ಕೆ ಹೊರಟದ್ದು

ಕಳೆದ ಡಿಸೆಂಬರಿನಲ್ಲಿ ಸೊಲ್ಲಾಪುರ ರಸ್ತೆಯ ಗೈಬುಸಾಬರ ವರ್ಕ್‌ಶಾಪಿನ ಮುಂದೆ ಯಾರೋ ಒಬ್ಬರು ಸುತ್ತಿಗೆಯ ಮರದ ಕಾವಿನ ಸಲುವಾಗಿ ಜಗಳ ತೆಗೆದಿದ್ದರು. ಕಾವು ಅರ್ಧ ಇಂಚು ಉದ್ದವಾಯಿತಂತೆ. ನಾನು ಸ್ಕೂಟರ್ ನಿಲ್ಲಿಸಿದ್ದು ಜಗಳ ನೋಡಲಿಕ್ಕೇ, ಸುಳ್ಳು ಯಾಕೆ ಹೇಳಲಿ. ಹತ್ತಿರ ಹೋದರೆ ರಾಜರತ್ನಣ್ಣ.

"ಇದು ಕಲ್ಲ ಒಡಿಯೂ ಸುತಗಿ ರೀ ಗೈಬುಸಾಬ್. ಮೊಳಿ ಬಡಿಯೂದಲ್ಲ. ಕಾವು ಉದ್ದ ಆತಂದ್ರ ಪೆಟ್ಟು ಕೈಗೆ ಬರತೈತಿ."

"ಈ ವಯಸ್ಸಿನ್ಯಾಗ ಯಾವ ಕಲ್ಲ ಒಡಿಯಾಕ ಹೊಂಟೀರಿ?" ಎಂದರು ಗೈಬುಸಾಬ.

ಅಷ್ಟರಲ್ಲಿ ರಾಜರತ್ನಣ್ಣ ನನ್ನನ್ನು ನೋಡಿದರು. ಮುಖ ಅರಳಿತು. "ಅಕ್ಕಾರ, ನಿಮ್ಮನ್ನ ಹುಡುಕಿಕೊಂಡು ಬಬಲೇಶ್ವರಕ್ಕ ಬರೂದಿತ್ತು. ಛಲೋ ಆತು, ಇಲ್ಲೇ ಸಿಕ್ರಿ. ಫೆಬ್ರುವರಿಯಾಗ ನಾನು ಕಚ್ಛಕ್ಕ ಹೊಂಟೇನಿ."

ನಾನು ಸ್ಕೂಟರಿನ ಕಡೆ ಒಂದು ಹೆಜ್ಜೆ ಹಿಂದೆ ಸರಿದೆ. ಯಾಕೆಂದು ತಿಳಿಯಬೇಕಾದರೆ ಈ ಮನುಷ್ಯ ಯಾರೆಂದು ಮೊದಲು ಹೇಳಬೇಕು.

ನಾನು ಡಿಗ್ರಿ ಓದಿದ ಕಾಲೇಜಿನಲ್ಲಿ ಭೂವಿಜ್ಞಾನ ಎಂಬುದೊಂದು ಪುಟ್ಟ ವಿಭಾಗವಿತ್ತು. ರಾಜರತ್ನಣ್ಣ ಅದರ ಅಟೆಂಡರ್. ಬಾಗಿಲು ತೆಗೆಯುವುದು, ಗಂಟೆಗೊಮ್ಮೆ ಹಾಜರಿ ಪುಸ್ತಕ ಹೊತ್ತು ತಿರುಗುವುದು, ಮೇಷ್ಟ್ರುಗಳಿಗೆ ಚಹಾ ತರುವುದು, ಇಷ್ಟೇ ಅವರ ಹುದ್ದೆ. ಆದರೆ ಕಲ್ಲು ಎಂದರೆ ಆ ವಿಭಾಗದಲ್ಲಿ ಅವರೇ. ಹೊರಗಿನಿಂದ ಆಲೂಗಡ್ಡೆಯ ಹಾಗೆ ಕಾಣುವ ಕಲ್ಲನ್ನು ತೆಗೆದುಕೊಂಡು, ಹೆಬ್ಬೆರಳಿಗೆ ಉಗುಳು ಹಚ್ಚಿ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು "ಅಕೀಕ ಐತಿ, ಒಳಗ ಪಟ್ಟಿ ಬಂದಾವ" ಎನ್ನುವರು. ಅಕೀಕವೆಂದರೆ ಉಂಗುರದ ಹರಳಿಗೆ ಬಳಸುವ ಅಗೇಟ್ ಕಲ್ಲು. ಕೊಯ್ದು ನೋಡಿದರೆ ಪಟ್ಟಿ ಇದ್ದೇ ಇರುತ್ತಿದ್ದವು. ಮೇಷ್ಟ್ರುಗಳು ಮಾತ್ರ ಪುಸ್ತಕ ತೆರೆದು ಇನ್ನೂ ಹುಡುಕುತ್ತಲೇ ಇರುತ್ತಿದ್ದರು.

ಬಂದ ಪ್ರತಿ ಕಲ್ಲಿಗೂ ಅವರು ಮೂಲೆಯಲ್ಲಿ ಕಾಳಿನಷ್ಟು ಬಿಳಿ ಬಣ್ಣ ಹಚ್ಚಿ, ಒಣಗಿದ ಮೇಲೆ ಕಪ್ಪು ಮಸಿಯಲ್ಲಿ ನಂಬರು ಬರೆಯುವರು. ಜೊತೆಗೊಂದು ಚೀಟಿ. ಕಲ್ಲಿನ ಹೆಸರು, ಸಿಕ್ಕ ಜಾಗ, ತಾರೀಖು, ಹುಡುಕಿದವರು. ಅಚ್ಚು ಹಾಕಿದಂಥ ಅಕ್ಷರ. ಆ ಕೋಣೆಯ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ: ಒಣಮಣ್ಣು, ಮಸಿ, ಸ್ಪಿರಿಟ್ಟು, ಅವರ ಅಂಗಿಯ ಸೋಪು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಮೇಲೆ ನಾನೊಬ್ಬಳೇ ಅಲ್ಲಿ ಕೂತು ಅವರು ಚೀಟಿ ಬರೆಯುವುದನ್ನು ನೋಡುತ್ತಿದ್ದೆ. ಹೊರಗೆ ಬಿಜಾಪುರದ ಬಿಸಿಲು. ಊರು ಆಗಿನ್ನೂ ವಿಜಯಪುರ ಆಗಿರಲಿಲ್ಲ. ಅಂಥ ಮಧ್ಯಾಹ್ನಗಳು ಮತ್ತೆ ನನಗೆ ಸಿಗಲಿಲ್ಲ.

೧೯೯೭ರ ಫೆಬ್ರುವರಿಯಲ್ಲಿ ವಿಭಾಗದವರು ಗುಜರಾತಿನ ಕಚ್ಛದ ರಣಕ್ಕೆ ಪ್ರವಾಸ ಇಟ್ಟುಕೊಂಡರು. ಅಕೀಕ, ಸ್ಫಟಿಕ, ಹರಳು ಕೂತ ಕಲ್ಲು, ಎಲ್ಲ ಅಲ್ಲಿ ಸಿಗುತ್ತವೆಂದು. ತಯಾರಿ ಪೂರ್ತಿ ರಾಜರತ್ನಣ್ಣನದು. ಎರಡು ತಿಂಗಳು ಅವರ ಬಾಯಲ್ಲಿ ಬೇರೆ ಮಾತಿಲ್ಲ. ಚೀಲ ಹೊಲಿಸಿದರು, ಕಲ್ಲು ಸುತ್ತಲು ಹಳೇ ಪೇಪರು ಕೂಡಿಸಿದರು, ಖಾಲಿ ಚೀಟಿ ಕತ್ತರಿಸಿಟ್ಟರು. ಸಮುದ್ರ ಇದ್ದು ಬತ್ತಿದ ನೆಲ, ಉಪ್ಪು ಬಿಳುಪಾಗಿ ಹಾಸಿರುತ್ತದೆ, ಅದರ ಅಂಚಿಗೆ ಬಣ್ಣದ ಕಲ್ಲು ಸುಮ್ಮನೆ ಬಿದ್ದಿರುತ್ತವೆ ಎಂದು ನಮಗೆಲ್ಲ ಹೇಳುವರು, ತಾವೇ ಹುಟ್ಟಿದ ಊರಿನ ಸುದ್ದಿ ಹೇಳಿದ ಹಾಗೆ.

ಕ್ಲಾಸಿಗೆಲ್ಲ ನಾನೊಬ್ಬಳೇ ಹುಡುಗಿ. ಹತ್ತಿರದ ತಿರುಗಾಟಗಳನ್ನು ಅಪ್ಪ ಡಾಕ್ಟರ ಚೀಟಿ ಕೊಟ್ಟು ತಪ್ಪಿಸಿದ್ದರು. ಇದನ್ನು ತಪ್ಪಿಸಿದರೆ ಪರೀಕ್ಷೆಗೇ ಕೂರಿಸುವುದಿಲ್ಲ ಎಂದಾಗ ಟಿಕೋಟಾದ ನನ್ನ ಸೋದರತ್ತೆ ರೇಣುಕವ್ವ ಜೊತೆಗೆ ಹೋದರೆ ಮಾತ್ರ ಕಳಿಸುತ್ತೇನೆಂದು ಪಟ್ಟು ಹಿಡಿದರು. ರೈಲಿನ ರಿಯಾಯಿತಿ, ಅಲ್ಲಿ ತಿರುಗಾಡಲು ಗೊತ್ತು ಮಾಡಿದ ಗಾಡಿ, ಎರಡೂ ಹದಿನಾಲ್ಕೇ ಮಂದಿಗೆ. ಹದಿನೈದನೆಯವರಿಗೆ ಜಾಗ ಇಲ್ಲ. ನಾನು ಮೂರು ದಿನ ಅಳುತ್ತ ಕೂತೆ. ಹೊರಡುವ ಹಿಂದಿನ ದಿನ ರಾಜರತ್ನಣ್ಣನಿಗೆ ಜ್ವರ ಬಂದಿದೆಯೆಂದು ಸುದ್ದಿ ಬಂತು. ಅವರ ಜಾಗದಲ್ಲಿ ಅತ್ತೆ ಕೂತರು. ದೇವರು ಕಣ್ಣು ತೆರೆದ ಎಂದುಕೊಂಡೆ. ಇಪ್ಪತ್ತರ ವಯಸ್ಸಿಗೆ ಇದ್ದ ಬುದ್ಧಿ ಅಷ್ಟೇ.

ಇನ್ನೊಂದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಇಪ್ಪತ್ತೆಂಟು ವರ್ಷ ಯಾರಿಗೂ ಹೇಳಿಲ್ಲ. ಕಚ್ಛದಲ್ಲಿ ನಾನು ಗಾಡಿಯಿಂದ ಕೆಳಗೇ ಇಳಿಯಲಿಲ್ಲ. ಗಂಡು ಹುಡುಗರ ಜೊತೆ ಬಿಸಿಲಲ್ಲಿ ಗುಡ್ಡ ಸುತ್ತುವುದು ಬೇಡವೆಂದು ಅತ್ತೆ ನನ್ನ ಕೈ ಹಿಡಿದು ಕೂತರು. ಮೂರು ದಿನವೂ ಗಾಡಿಯ ಪರದೆಯ ಸಂದಿನಿಂದ ನಾನು ಕಂಡದ್ದು ಧೂಳು. ಸಹಪಾಠಿ ನಾಸೀರ ನನ್ನ ಮೇಲೆ ಕನಿಕರಪಟ್ಟು ಒಂದು ಹಿಡಿ ಕಲ್ಲು ತಂದು ನನ್ನ ಚೀಲಕ್ಕೆ ಹಾಕಿದ. ಊರಿಗೆ ಬಂದ ಮೇಲೆ ರಾಜರತ್ನಣ್ಣ ಅವುಗಳಿಗೆ ಬಿಳಿ ಬಣ್ಣ ಹಚ್ಚಿ, ನಂಬರು ಹಾಕಿ, 'ಹುಡುಕಿದವರು: ಕು. ವಿಜಯಲಕ್ಷ್ಮೀ' ಎಂದು ಚೀಟಿ ಬರೆದರು. ನಾನು ಸುಮ್ಮನೆ ನೋಡುತ್ತ ನಿಂತಿದ್ದೆ.

ಈಗ ನಾನು ಬಬಲೇಶ್ವರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮಕ್ಕಳಿಗೆ ಮರುಭೂಮಿಯ ಪಾಠ ಬಂದಾಗಲೆಲ್ಲ "ನಾನು ಕಣ್ಣಾರೆ ಕಂಡದ್ದು" ಎಂದು ಶುರು ಮಾಡುತ್ತೇನೆ. ಅಂಥವಳ ಮುಂದೆ ವರ್ಕ್‌ಶಾಪಿನ ಹೊಲಸು ಎಣ್ಣೆಯ ನೆಲದ ಮೇಲೆ ನಿಂತು ರಾಜರತ್ನಣ್ಣ ಹೇಳಿದರು:

"ಮೊಣಕಾಲ ಸವದಾವ ಅಂತ ಡಾಕ್ಟರ್ ಹೇಳ್ಯಾರ್ರಿ. ಬ್ಯಾಸಗಿಗೆ ಆಪರೇಷನ್. ಆಮ್ಯಾಲ ಗುಡ್ಡ ಹತ್ತೂದು ಮರತಬಿಡ್ರಿ ಅಂದ್ರು. ಹೋದ್ರ ಈಗ ಹೋಗಬೇಕು, ಇಲ್ಲಂದ್ರ ಇಲ್ಲ. ದಿನಕ್ಕ ಎರಡ ತಾಸ ನಡೀಬಲ್ಲೆ. ಸುಮ್ಮ ಹುಡುಕ್ಯಾಡಾಕ ಆಗೂದಿಲ್ಲ, ಜಾಗ ಗೊತ್ತಿರಬೇಕು. ನೋಡಿ ಬಂದವ್ರ ಪೈಕಿ ಈ ಕಡೆ ಉಳದವ್ರು ನೀವೊಬ್ಬರ. ದಾರಿ ಹೇಳಿಕೊಡ್ರಿ."

ಅಲ್ಲೇ ನಿಜ ಹೇಳಿದ್ದರೆ ಮುಗಿದೇ ಹೋಗುತ್ತಿತ್ತು. ಮೇಡಂ ಎನ್ನಿಸಿಕೊಂಡು ರೂಢಿಯಾದ ನಾಲಿಗೆ. "ಅದಕ್ಕೇನ್ರಿ ಅಣ್ಣಾ, ನಾನೂ ಬರತೀನಿ," ಎಂದುಬಿಟ್ಟೆ.

ಅಂದಿನಿಂದ ಪ್ರತಿ ಭಾನುವಾರ ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿರುವ ಅವರ ಮನೆಯಲ್ಲಿ ತಯಾರಿ. ಗೋಡೆಯ ಗೂಡಿನಲ್ಲಿ ಬುದ್ಧನ ಮೂರ್ತಿ, ಅದರ ಕೆಳಗೆ ನೆಲದ ಮೇಲೆ ಸುತ್ತಿಗೆ, ಎರಡು ಚಾಣ, ಗೋಣಿಚೀಲ, ಹಳೇ ಪೇಪರಿನ ಕಟ್ಟು. ಚಾಣವೆಂದರೆ ಕಲ್ಲಿನ ಸಂದಿಗೆ ಇಡುವ ಉಳಿ. ಅದನ್ನು ಹೇಗೆ ಹಿಡಿಯಬೇಕೆಂದು ಭೂವಿಜ್ಞಾನದ ಪದವೀಧರೆಯಾದ ನನಗೆ ಮೊದಲ ಭಾನುವಾರ ಗೊತ್ತಾಯಿತು.

ಅವರ ಹೆಂಡತಿ ವಿಶಾಖಾ ಅಂಗನವಾಡಿಯಲ್ಲಿದ್ದವರು, ಮಾತಿನಲ್ಲಿ ಯಾರಿಗೂ ಸೋಲುವವರಲ್ಲ. ಚಹಾದ ಕಪ್ಪು ಕೊಡುತ್ತ, "ಕಲ್ಲ ನೋಡಾಕ ಅಷ್ಟ ದೂರ ಯಾಕ ಹೋಗಬೇಕ್ರಿ ಅಕ್ಕಾರ? ನಮ್ಮ ಹೊಲದಾಗ ಏನ ಕಡಿಮಿ ಅದಾವ?" ಎಂದರು.

"ನೀ ಬರಬ್ಯಾಡ ಬಿಡು," ಎಂದರು ಗಂಡ.

"ಯಾಕ ಬರಬ್ಯಾಡ? ನಿಮ್ಮ ಗುಳಿಗಿ ಯಾರ ನೆನಪ ಮಾಡವ್ರು?"

ಅವರ ಟಿಕೇಟೂ ಆಯಿತು. ಮೂವರಿಗೂ ಫೆಬ್ರುವರಿ ಒಂಬತ್ತರ ರೈಲು.

ರಾಜರತ್ನಣ್ಣನ ಬಳಿ ಹಳೇ ಚೀಟಿಗಳ ನಕಲು ಪುಸ್ತಕವಿತ್ತು. ನಮ್ಮ ಬ್ಯಾಚಿನ ನಂತರ ಎರಡು ವರ್ಷ ಯಾರೂ ಸೇರದೆ ವಿಭಾಗ ಮುಚ್ಚಿದಾಗ, ಕಲ್ಲುಗಳೆಲ್ಲ ಯಾವುದೋ ಸ್ಟೋರಿನ ಗೋಣಿಚೀಲ ಸೇರಿದಾಗ, ಇವರು ಆ ಪುಸ್ತಕವೊಂದನ್ನೇ ಮನೆಗೆ ತಂದದ್ದು. ಉಳಿದ ನೌಕರಿಯನ್ನೆಲ್ಲ ಕಾಲೇಜಿನ ಆಫೀಸಿನಲ್ಲಿ ಟಪಾಲು ಹಂಚುತ್ತ ಕಳೆದರು. ಪುಸ್ತಕ ತೆರೆದು ಒಂದೊಂದೇ ನಂಬರಿನ ಮೇಲೆ ಬೆರಳಿಟ್ಟು ನನ್ನನ್ನು ಕೇಳುವರು. "ಈ ಕೆಂಪ ಪಟ್ಟೀದು ನಿಮ್ಮ ಹೆಸರೀಲೆ ಐತಿ. ಹಳ್ಳದಾಗ ಸಿಕ್ಕಿತ್ತೋ, ಗುಡ್ಡದ ಮ್ಯಾಲೋ?"

"ಗುಡ್ಡದ ಮ್ಯಾಲ," ಎಂದೆ.

"ಯಾವ ಮಗ್ಗಲ?"

"ಪಡುವಣ."

ಅವರು ಪೆನ್ಸಿಲ್ ತೆಗೆದುಕೊಂಡು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ ನಕ್ಷೆಯಲ್ಲಿ ಒಂದು ಗುಡ್ಡ ಬರೆದರು. ಮುಂದಿನ ವಾರ ಅದಕ್ಕೊಂದು ಕಾಲುದಾರಿ ಹುಟ್ಟಿತು, ಅದರ ಮುಂದಿನ ವಾರ ಬುಡಕ್ಕೆ ಒಂದು ಜಾಲಿಗಿಡ. ಎಲ್ಲ ನನ್ನ ಕೃಪೆ. ಮೂರು ದಿನದ ತಿರುಗಾಟದಲ್ಲಿ ಎರಡನೆಯ ದಿನ ಪೂರ್ತಿ ಆ ಗುಡ್ಡಕ್ಕೇ ಮೀಸಲು ಎಂದು ಅವರು ನಿರ್ಧರಿಸಿದಾಗ ನನಗೆ ಮನೆಯಲ್ಲಿ ಊಟ ಸೇರಲಿಲ್ಲ. ಆ ಮೊಣಕಾಲಿನಲ್ಲಿ ಉಳಿದದ್ದೇ ಒಂದಿಷ್ಟು ನಡಿಗೆ. ಅದನ್ನು ಇಲ್ಲದ ಗುಡ್ಡಕ್ಕೆ ಕಳಿಸುತ್ತಿದ್ದೆ. ನಾಳೆ ಹೇಳೋಣ, ನಾಳೆ ಹೇಳೋಣ ಎನ್ನುತ್ತ ಜನವರಿ ಬಂತು.

ಹೊರಡುವ ಮೊದಲು ಕಾಲಿಗೊಂದು ಪರೀಕ್ಷೆಯಾಗಲೆಂದು ಸಂಕ್ರಾಂತಿ ಮುಗಿದ ಭಾನುವಾರ ನಾವಿಬ್ಬರೂ ಟಿಕೋಟಾದ ಆಚೆಗಿನ ಡೋಣಿ ಹೊಳೆಗೆ ಹೋದೆವು. ನೀರು ಸಣ್ಣಗೆ ಒಂದು ಬದಿಗೆ ಸರಿದಿತ್ತು. ಉಳಿದದ್ದೆಲ್ಲ ಹರಳುಗಲ್ಲು, ಉಸುಕು. ರಾಜರತ್ನಣ್ಣ ಕೋಲೂರಿ ಸೂರ್ಯನಿಗೆ ಎದುರಾಗಿ ನಡೆಯಲು ಹೇಳಿದರು. ಹಾಗೆ ನಡೆದರೆ ಅಕೀಕದೊಳಗೆ ಬೆಳಕು ಹೊಕ್ಕು ಅದು ತಾನಾಗಿ ಕಾಣುತ್ತದಂತೆ. ಅರ್ಧ ತಾಸು ನನಗೇನೂ ಕಾಣಲಿಲ್ಲ. ಆಮೇಲೆ ಕಾಲಬುಡದಲ್ಲಿ ಏನೋ ಬೆಲ್ಲದ ಬಣ್ಣಕ್ಕೆ ಹೊಳೆಯಿತು. ಬಗ್ಗಿ ತೆಗೆದು, ಹೆಬ್ಬೆರಳಿಗೆ ಉಗುಳು ಹಚ್ಚಿ ಒರೆಸಿದೆ. ಒಳಗೆ ಸಣ್ಣ ಸಣ್ಣ ಪಟ್ಟಿ.

ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ನನ್ನ ಕೈಯಾರೆ ನಾನು ಹುಡುಕಿದ ಮೊದಲ ಕಲ್ಲು. ಎಷ್ಟು ಖುಷಿಯಾಯಿತೆಂದರೆ ಅಳು ಬಂತು. ಈ ಮನುಷ್ಯ ಇಷ್ಟು ವರ್ಷ ಬೇರೆಯವರ ಈ ಖುಷಿಗೆಲ್ಲ ಕೂತು ಚೀಟಿ ಬರೆದರಲ್ಲ ಎನಿಸಿತು.

ಊಟಕ್ಕೆ ಟಿಕೋಟಾದಲ್ಲಿ ಅತ್ತೆಯ ಮನೆಗೆ ಹೋದೆವು. ರೇಣುಕವ್ವ ಅತ್ತೆಗೆ ಈಗ ಎಂಬತ್ತು, ಕಣ್ಣು ಮಂದ, ನಾಲಿಗೆ ಮಾತ್ರ ಮೊದಲಿನದೇ. ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬಡಿಸುತ್ತ ರಾಜರತ್ನಣ್ಣನ ಮುಖವನ್ನು ಹತ್ತಿರದಿಂದ ನೋಡಿದರು.

"ಇವ್ರು ಕಾಲೇಜಿನ ಆ ಅಟೆಂಡರ್ ಅಲ್ಲೇನ ಬೇ ವಿಜೂ? ನಮ್ಮನಿಗೆ ಬಂದಿದ್ರಲ್ಲ."

"ಯಾವಾಗ ಬಂದಿದ್ರು?" ಎಂದೆ.

"ನೀ ರೈಲಿಗೆ ಹೋಗೂಮುಂದ. ಹಿಂದಿನ ವಾರ ಬಂದು, ಯವ್ವಾ, ನನ್ನ ಜಾಗಾದಾಗ ನೀವು ಹೋಗ್ರಿ, ಹುಡುಗಿ ವರ್ಷ ಹಾಳ ಮಾಡಬ್ಯಾಡ್ರಿ ಅಂದ್ರು. ಜ್ವರ ಬಂದಾವ ಅಂತ ನಾನ ಸುದ್ದಿ ಕಳಸ್ತೀನಿ ಅಂದಿದ್ರು. ನಿನಗ ಹೇಳಬ್ಯಾಡ ಅಂತ ಆಣಿ ಹಾಕಿಸಿಕೊಂಡಿದ್ರು."

ರಾಜರತ್ನಣ್ಣ ತಟ್ಟೆಯಿಂದ ತಲೆ ಎತ್ತಲಿಲ್ಲ. "ಇನ್ನೊಂದ ರೊಟ್ಟಿ ಹಾಕ್ರಿ ಯವ್ವಾ," ಎಂದರು.

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಾಗ ನನಗೆ ಸಿಟ್ಟು ಉಕ್ಕಿತು. ಯಾರ ಮೇಲಿನ ಸಿಟ್ಟೋ ಏನೋ, ರಾಜರತ್ನಣ್ಣನ ಮೇಲೆ ಹಾರಿಹಾಯ್ದೆ. "ಎರಡ ತಿಂಗಳ ಚೀಲ ಹೊಲಿಸಿ, ಪೇಪರ ಕೂಡಿಸಿ, ಯಾಕ ಬಿಟ್ಟಕೊಟ್ರಿ? ನಾ ಕೇಳಿದ್ನೇನು?"

"ಮುಂದಿನ ವರ್ಷ ಮತ್ತ ಪ್ರವಾಸ ಇರತೈತಿ, ಆವಾಗ ಹೋದ್ರಾತು ಅಂದ್ಕೊಂಡಿದ್ದೆ ರೀ," ಎಂದರು. ಕೋಲನ್ನು ಬೆಂಚಿಗೆ ಒರಗಿಸಿ, "ವಿಭಾಗಾನ ಮುಚ್ಚತೈತಿ ಅಂತ ಯಾರಿಗೆ ಗೊತ್ತಿತ್ತು? ಹೋಗ್ಲಿ ಬಿಡ್ರಿ. ನೀವರ ಕಣ್ತುಂಬ ನೋಡಿ ಬಂದ್ರಲ್ಲ. ಆ ಚೀಟಿ ಬರಿಯೂಮುಂದ ಅದ ನೆನಸಿಕೊಂಡು ಖುಷಿಪಡ್ತಿದ್ದೆ," ಎಂದರು.

ಇನ್ನು ತಡೆಯಲಾಗಲಿಲ್ಲ. ಗಾಡಿ, ಪರದೆ, ಅತ್ತೆಯ ಕೈ, ನಾಸೀರ ತಂದ ಒಂದು ಹಿಡಿ ಕಲ್ಲು, ಎಲ್ಲ ಹೇಳಿದೆ. ಕೊನೆಗೆ ಗುಡ್ಡವನ್ನೂ ಹೇಳಿದೆ. "ಕಾಲುದಾರಿ ಸುಳ್ಳು, ಜಾಲಿಗಿಡ ಸುಳ್ಳು. ಅಲ್ಲಿ ನಾನು ನೆಲದ ಮ್ಯಾಲ ಕಾಲ ಇಟ್ಟಿಲ್ಲ ಅಣ್ಣಾ. ನಿಮ್ಮ ಜಾಗಾದಾಗ ಹೋಗಿ ನಾನು ಏನೂ ನೋಡಲಿಲ್ಲ."

ಅವರು ನನ್ನ ಕಡೆ ನೋಡಲಿಲ್ಲ. ವಿಜಯಪುರದ ಬಸ್ಸು ಬಂತು, ಜನ ಹತ್ತಿದರು, ಹೋಯಿತು. ನಾವು ಕೂತೇ ಇದ್ದೆವು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬೈಯಲಿಲ್ಲ.

ಚೀಲದಿಂದ ಆ ನಕ್ಷೆಯ ನೋಟ್‌ಬುಕ್ ತೆಗೆದು ತೊಡೆಯ ಮೇಲೆ ಬಿಡಿಸಿದರು. ರಬ್ಬರು ಹುಡುಕಿ, ಮೊದಲು ಜಾಲಿಗಿಡ ಒರೆಸಿದರು, ಆಮೇಲೆ ಕಾಲುದಾರಿ, ಆಮೇಲೆ ಆ ಗುಡ್ಡ. ಒರೆಸಿದ ಪುಡಿಯನ್ನು ಊದಿ, ಹಾಳೆಯನ್ನು ಅಂಗೈಯಿಂದ ಸವರಿ ಸಮ ಮಾಡಿದರು.

"ನಾಸೀರನ ಫೋನ್ ನಂಬರ್ ಐತೇನ್ರಿ ನಿಮ್ಮ ಹತ್ರ?" ಎಂದರು.

ಇದೆ ಎಂದು ತಲೆಯಾಡಿಸಿದೆ. ಸೆರಗಿನಿಂದ ಕಣ್ಣೊರೆಸಿಕೊಂಡು ಫೋನ್ ತೆಗೆದೆ.

"ಕೇಳೂಣ. ಅಂವಾ ಹೇಳ್ತಾನ ಖರೇ ಜಾಗ." ಪೆನ್ಸಿಲನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡು ಅವರು ಮೊದಲ ಸಲ ನನ್ನತ್ತ ತಿರುಗಿದರು. "ಅಳಬ್ಯಾಡ್ರಿ ಅಕ್ಕಾರ. ಇಷ್ಟ ದಿನ ನೀವು ನೋಡಿದ್ದನ್ನ ನಾನು ಎರಡನೇದಾಂವಾಗಿ ನೋಡಾಕ ಹೊಂಟೇನಿ ಅಂದ್ಕೊಂಡಿದ್ದೆ. ಇಬ್ಬರದೂ ಮೊದಲನೇ ಸಲ ಅಂದಂಗಾತು."