ಮುಚ್ಚಿಡು ಎಂದು ಅಜ್ಜನನ್ನು ಬೇಡಿದೆ

ನನ್ನ ಗಂಡನ ಕೈಯಿಂದ ಚಹಾದ ಲೋಟ ಮೊದಲ ಸಲ ಜಾರಿ ಬಿದ್ದದ್ದು ಹೋದ ಚಳಿಗಾಲದ ಒಂದು ಸೋಮವಾರ ಬೆಳಿಗ್ಗೆ. ನಾನು ಶಾಲಾ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸದವಳು. ಐದೂವರೆಗೆ ಮನೆ ಬಿಡಬೇಕು. "ಎಂತ ಮಾರಾಯ್ರೆ, ಕಣ್ಣು ಎಲ್ಲುಂಟು?" ಎಂದು ರೇಗಿ, ಗಾಜು ಗುಡಿಸಿ ಓಡಿದೆ. ಬುಧವಾರ ಮತ್ತೆ ಬಿತ್ತು. ಏಳು ವರ್ಷದ ಮಗಳು "ಅಮ್ಮಾ, ಪಪ್ಪಾ ಡ್ರಾಪ್ಡ್ ಇಟ್ ಅಗೇನ್" ಎಂದು ನಕ್ಕಳು. ಇವರು ನಗಲಿಲ್ಲ. ಆಗ ನನಗೆ ಹೆದರಿಕೆಯಾಯಿತು, ಏಕೆಂದರೆ ನಮ್ಮ ಮನೆಯ ಅನ್ನವೇ ಇವರ ಕೈಯಿಂದ ಬರುವಂಥದ್ದು.

ಇವರ ಕೆಲಸ ಹೇಳಿದರೆ ಊರಿನವರು ಈಗಲೂ ನಗುತ್ತಾರೆ. ಮೊದಲು ದುಬೈಯ ರಾಸ್ ಅಲ್ ಖೋರ್‌ನಲ್ಲಿ ಟಯರ್ ಗೋದಾಮಿನಲ್ಲಿದ್ದರು. ಊರಲ್ಲಿ ವಾಲಿಬಾಲ್ ಆಡಿ ಪಳಗಿದ ಬೆರಳು. ಅದನ್ನು ನೋಡಿದ ಒಬ್ಬ ಅಮೆರಿಕನ್ ಕೋಚ್ ಇವರನ್ನು ತಮ್ಮ ಆಟಕ್ಕೆ ಎಳೆದುಕೊಂಡ. ಅದು ಅಮೆರಿಕನ್ ಫುಟ್‌ಬಾಲ್: ಮೊಟ್ಟೆಯಾಕಾರದ ಚೆಂಡು, ತಲೆಗೆ ಹೆಲ್ಮೆಟ್. ಅದರಲ್ಲಿ ಚೆಂಡನ್ನು ಒದೆಯುವ ಹೊತ್ತಿಗೆ ಮಾತ್ರ ಕೆಲವರು ಮೈದಾನಕ್ಕೆ ಇಳಿಯುತ್ತಾರೆ. ಇವರು ಬಗ್ಗಿ, ಎರಡು ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಎಸೆಯಬೇಕು. ಏಳೆಂಟು ಗಜ ಹಿಂದೆ ಮಂಡಿಯೂರಿದವನು ಅದನ್ನು ಹಿಡಿದು ನೆಲಕ್ಕೆ ನಿಲ್ಲಿಸುತ್ತಾನೆ, ಇನ್ನೊಬ್ಬ ಬಂದು ಒದೆಯುತ್ತಾನೆ. ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಮುಗಿದಿರುತ್ತದೆ. "ಹಿಂದಕ್ಕೆ ಬಿಸಾಡುವುದಕ್ಕೆ ಸಂಬಳವಾ?" ಎಂದು ನನ್ನ ಅಣ್ಣನೇ ಕೇಳಿದ್ದ. ಸಂಬಳ, ಮನೆ, ನನ್ನ ಮತ್ತು ಮಗಳ ವೀಸಾ, ಎಲ್ಲ ಅದರಿಂದಲೇ. ಆರು ವರ್ಷದಲ್ಲಿ ಇವರ ಹೆಸರನ್ನು ಯಾರೂ ಕೂಗಿ ಕರೆದದ್ದಿಲ್ಲ. "ಹೆಸರು ಕೇಳಿಸಿದರೆ ತಪ್ಪು ಮಾಡಿದ್ದೇನೆ ಅಂತಲೇ ಲೆಕ್ಕ" ಎಂದು ಇವರೇ ಹೇಳುತ್ತಿದ್ದರು.

ಎರಡನೇ ಲೋಟ ಬಿದ್ದ ಸಂಜೆ ಬಾಗಿಲು ಹಾಕಿ ಕೇಳಿದೆ. ಹಿಂದಿನ ವಾರದ ಪಂದ್ಯದಲ್ಲಿ, ಬಗ್ಗಿದವರು ಏಳುವ ಮೊದಲೇ ಎದುರಾಳಿ ಬಂದು ಹೆಲ್ಮೆಟ್ಟಿಗೆ ಗುದ್ದಿದ್ದನಂತೆ.

"ಕುತ್ತಿಗೆಯಿಂದ ಕರೆಂಟು ಹೊಡೆದ ಹಾಗೆ ಆಯ್ತು. ಈಗ ಎರಡು ಬೆರಳು ಮರಗಟ್ಟಿದೆ."

"ಡಾಕ್ಟರಿಗೆ ತೋರಿಸಿದ್ರಾ?"

"ನಿನಗೆ ತಲೆ ಸರಿ ಉಂಟಾ? ತೋರಿಸಿದ್ರೆ ಖಲಾಸ್. ಕಾಂಟ್ರಾಕ್ಟ್ ಮುಗಿಯುವುದು ಮಾರ್ಚಿನಲ್ಲಿ. ನನ್ನ ಜಾಗಕ್ಕೆ ಮೂರು ಜನ ಕಾಯ್ತಾ ಇದ್ದಾರೆ."

ನಾನು ಆಗ ಏನು ಮಾಡಬೇಕಿತ್ತು? ಕೈ ಹಿಡಿದು ಎಳೆದುಕೊಂಡು ಆಸ್ಪತ್ರೆಗೆ ಹೋಗಬೇಕಿತ್ತು. ಮಾಡಲಿಲ್ಲ. ಫ್ರಿಜ್ಜಿನ ಮೇಲಿನ ದೇವರ ಮೂಲೆಯಲ್ಲಿ, ಹೊಗೆಗೆ ಅಲಾರಂ ಹೊಡೆಯುತ್ತದೆಂದು ಬ್ಯಾಟರಿ ದೀಪವನ್ನೇ ಉರಿಸಿ, ನಮ್ಮ ಊರಿನ ದೈವ ಸ್ವಾಮಿ ಕೊರಗಜ್ಜನಿಗೆ ಕೈಮುಗಿದೆ. "ಅಜ್ಜಾ, ಮಾರ್ಚಿನವರೆಗೆ ಯಾರಿಗೂ ಗೊತ್ತಾಗದ ಹಾಗೆ ಇದನ್ನು ಮುಚ್ಚಿಡು. ಊರಿಗೆ ಬಂದು ಚಕ್ಕುಲಿ, ವೀಳ್ಯ ಒಪ್ಪಿಸುತ್ತೇನೆ." ತುಳುನಾಡಿನ ಮಕ್ಕಳಿಗೂ ಗೊತ್ತು, ಕಳೆದುಹೋದದ್ದನ್ನು, ಅಡಗಿಸಿಟ್ಟದ್ದನ್ನು ಕಣ್ಣೆದುರಿಗೆ ತಂದು ನಿಲ್ಲಿಸುವುದೇ ಅಜ್ಜನ ಕಾರಣಿಕ. ಸರ ಕಳೆದರೆ, ದನ ತಪ್ಪಿಸಿಕೊಂಡರೆ ನಾವು ಅವನನ್ನೇ ಕರೆಯುತ್ತೇವೆ. ಅಂಥವನ ಹತ್ತಿರ ನಾನು ಮುಚ್ಚಿಡು ಎಂದು ಬೇಡಿದೆ! ನನ್ನ ಬುದ್ಧಿಗೆ ಏನು ಹೇಳುವುದು.

ಮುಂದಿನ ಹದಿನೈದು ದಿನ ನರಕ. ಬೆಳಿಗ್ಗೆ ಇವರ ಅಂಗಿಯ ಗುಂಡಿ ಹಾಕುತ್ತಿದ್ದವಳು ನಾನು. ಶೂ ಲೇಸು ಕಟ್ಟುತ್ತಿದ್ದವಳು ನಾನು. ಎಣ್ಣೆ ಬಿಸಿಮಾಡಿ ಕುತ್ತಿಗೆ ತಿಕ್ಕಿದೆ. ಅದೂ ತಪ್ಪು ಎಂದು ಆಮೇಲೆ ತಿಳಿಯಿತು.  ಇವರು ಆಟದ ಅಭ್ಯಾಸ ಮುಗಿಸಿ ಬಂದು ಗೋಡೆ ನೋಡುತ್ತಾ ಕೂರುತ್ತಿದ್ದರು. ನಡೆಯುವಾಗ ಬಲಗಾಲು ಸ್ವಲ್ಪ ಎಳೆಯತೊಡಗಿತು. "ಅದು ಸುಸ್ತು" ಎಂದರು. ನಾನು ನಂಬಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಹೆದರಿಕೆಗೆ ನಂಬಿದ ಹಾಗೆ ನಟಿಸಿದೆ.

ಒಂದು ಶನಿವಾರ ಮಧ್ಯಾಹ್ನ ಇವರು ಮಲಗಿದ್ದಾಗ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಟೈಲರ್. ಇವರು ಎಸೆದ ಚೆಂಡನ್ನು ಮಂಡಿಯೂರಿ ಹಿಡಿಯುವ ಅಮೆರಿಕನ್ ಹುಡುಗ, ನಮ್ಮಲ್ಲಿ ಎಷ್ಟೋ ಸಲ ಮೀನು ಸಾರು ಉಂಡು ಹೋದವನು. ಒಳಗೆ ಬರಲಿಲ್ಲ. ಹೊರಗೇ ನಿಂತು ಇಂಗ್ಲಿಷಿನಲ್ಲಿ ಕೇಳಿದ, "ಸಿಸ್ಟರ್, ಅವನ ಕೈಗೆ ಏನಾಗಿದೆ?"

"ಏನೂ ಇಲ್ಲ. ಚೆನ್ನಾಗಿದ್ದಾರೆ" ಎಂದೆ, ಮುಖ ನೋಡದೆ.

ಅವನು ಎರಡು ಕೈಯಲ್ಲಿ ಚೆಂಡು ಹಿಡಿದವನಂತೆ ಮಾಡಿ ತೋರಿಸಿದ. ಆ ಚೆಂಡಿನ ಒಂದು ಬದಿಯಲ್ಲಿ ದಪ್ಪ ದಾರದ ಹೊಲಿಗೆ ಇದೆ. ಒದೆಯುವವನ ಕಾಲಿಗೆ ಹೊಲಿಗೆ ತಾಗಬಾರದು, ಅದು ಗೋಲಿನ ಕಡೆಗೇ ಇರಬೇಕು. ಇವರ ಕೈಚಳಕ ಇದ್ದದ್ದೇ ಅಲ್ಲಿ: ಚೆಂಡು ಎಷ್ಟು ಸುತ್ತು ತಿರುಗಬೇಕೋ ಅಷ್ಟೇ ತಿರುಗಿ, ಹೊಲಿಗೆ ಸರಿಯಾದ ಕಡೆಗೇ ಬಂದು ಟೈಲರನ ಅಂಗೈ ಸೇರುತ್ತಿತ್ತು. ಆರು ವರ್ಷದಲ್ಲಿ ಅವನು ಚೆಂಡನ್ನು ತಿರುಗಿಸಿ ಸರಿಪಡಿಸಬೇಕಾಗಿ ಬಂದದ್ದೇ ಇಲ್ಲವಂತೆ. "ಎರಡು ವಾರದಿಂದ ಹೊಲಿಗೆ ಪಕ್ಕಕ್ಕೆ ಬರುತ್ತಿದೆ. ಮೊದಲು ಒಂದು ಬೆರಳಷ್ಟು, ಈಗ ಪೂರ್ತಿ ಅಡ್ಡ. ಯಾರಿಗೂ ಕಾಣದಂತೆ ನಾನೇ ತಿರುಗಿಸುತ್ತಿದ್ದೆ. ನಿನ್ನೆ ಅವನು ಕಾಲು ಎಳೆಯುವುದನ್ನು ನೋಡಿದೆ. ಇವತ್ತು ಬೆಳಿಗ್ಗೆ ಟೀಮಿನ ಡಾಕ್ಟರಿಗೆ ಹೇಳಿಬಿಟ್ಟೆ."

ನನಗೆ ಮೈಯೆಲ್ಲ ಉರಿದುಹೋಯಿತು. ಉಂಡ ಮನೆಗೆ ಎರಡು ಬಗೆದವನೇ ಎಂದು ತುಳುವಿನಲ್ಲೇ ಬೈದೆ. ಅವನಿಗೆ ಒಂದಕ್ಷರ ಅರ್ಥವಾಗದಿದ್ದರೂ ತಲೆತಗ್ಗಿಸಿ ನಿಂತ. ನಾನು ಅವನ ಮುಖದ ಮೇಲೆಯೇ ಬಾಗಿಲು ಹಾಕಿದೆ. ಅಜ್ಜನ ಪಟದ ಕಡೆ ತಿರುಗಿ, "ನೀನೂ ಕೈಬಿಟ್ಟೆಯಲ್ಲ" ಎಂದು ಅತ್ತೆ.

ಆ ರಾತ್ರಿಯೇ ಟೀಮಿನ ಡಾಕ್ಟರು ಇವರಿಗೆ ಫೋನ್ ಮಾಡಿ, ಸ್ಕ್ಯಾನ್ ಮಾಡಿಸಲೇಬೇಕು ಎಂದರು. ಭಾನುವಾರ ಬೆಳಿಗ್ಗೆ ಮಗಳನ್ನು ಪಕ್ಕದ ಮನೆಯ ಬ್ಯಾರಿ ಅಕ್ಕ ಜೊಹರಾ ಹತ್ತಿರ ಬಿಟ್ಟು, ನಮ್ಮ ಮನೆಯಿರುವ ಬನಿಯಾಸ್‌ನಿಂದ ಬಸ್ಸಿನಲ್ಲಿ ಪಟ್ಟಣದ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಇವರು ನನ್ನ ಹತ್ತಿರ ಮಾತಾಡಲಿಲ್ಲ, ನಾನೇ ಟೈಲರನಿಗೆ ಹೇಳಿದ್ದು ಎಂಬ ಸಂಶಯ. ಹಂಪ್ ಬಂದಾಗಲೆಲ್ಲ ಹಲ್ಲು ಕಚ್ಚಿ ಮುಂದಿನ ಸೀಟಿನ ಕಂಬಿ ಹಿಡಿಯುತ್ತಿದ್ದರು. ಸ್ಕ್ಯಾನ್ ನೋಡಿದ ಮಲಯಾಳಿ ಡಾಕ್ಟರು ಮೊದಲು ಕೇಳಿದ್ದು, "ಮುಂದಿನ ಪಂದ್ಯ ಯಾವಾಗ?"

"ಮಂಗಳವಾರ" ಎಂದರು ಇವರು.

ಡಾಕ್ಟರು ಪೆನ್ನು ಕೆಳಗಿಟ್ಟರು. ಕುತ್ತಿಗೆಯ ಮೂಳೆಗಳ ನಡುವಿನ ಡಿಸ್ಕ್ ಜಾರಿ ಬೆನ್ನುಹುರಿಯನ್ನೇ ಒತ್ತುತ್ತಿತ್ತು. "ಮೋನೇ, ಇನ್ನೊಂದು ಅಂಥದ್ದೇ ಗುದ್ದು ಬಿದ್ದಿದ್ದರೆ ಕುತ್ತಿಗೆಯಿಂದ ಕೆಳಗೆ ಏನೂ ಅಲ್ಲಾಡುತ್ತಿರಲಿಲ್ಲ. ಉಸಿರಾಟವನ್ನೂ ಹೇಳಲಾಗುವುದಿಲ್ಲ."  ಮಂಗಳವಾರಕ್ಕೆ ಎರಡೇ ದಿನ. ಅಜ್ಜ ನನ್ನ ಬೇಡಿಕೆಯನ್ನು ನಡೆಸಿಕೊಟ್ಟಿದ್ದರೆ, ಆ ಬೆಳಿಗ್ಗೆಯೂ ನಾನೇ ಇವರ ಶೂ ಲೇಸು ಬಿಗಿದು ಕಳಿಸುತ್ತಿದ್ದೆ.

ಮರುದಿನವೇ ಆಪರೇಷನ್. ನಾಲ್ಕು ಗಂಟೆ ನಾನು ಕಾರಿಡಾರಿನಲ್ಲಿ ಕೂತಿದ್ದೆ. ಟೈಲರ್ ಬಂದು ನಾಲ್ಕು ಕುರ್ಚಿ ಆಚೆ ಕೂತ, ಹತ್ತಿರ ಬರಲು ಹೆದರಿಕೆ. ನಾನೇ ಎದ್ದು ಹೋಗಿ ಅವನ ಎರಡೂ ಕೈ ಹಿಡಿದುಕೊಂಡೆ. ಆ ಕೈಗಳ ಮೂಲಕವಲ್ಲವೇ ಅಜ್ಜ ಕಂಡದ್ದು!

ಜೀವ ಉಳಿಯಿತು, ಕಾಲು ಸರಿಯಾಯಿತು. ಆದರೆ ಒಂದು ಬೆರಳಿಗೆ ಇನ್ನೂ ಪೂರ್ತಿ ಜೀವ ಬಂದಿಲ್ಲ. ಇನ್ನು ಆಡುವಂತಿಲ್ಲ ಎಂದು ಡಾಕ್ಟರು ಖಂಡಿತವಾಗಿ ಹೇಳಿದ ದಿನ ಇವರು ಕುತ್ತಿಗೆಯ ಪಟ್ಟಿಯೊಳಗಿಂದ ಸೂರು ನೋಡುತ್ತಾ ಕಣ್ಣೀರು ಹಾಕಿದರು. "ಅದೊಂದು ಕೆಲಸ ನನಗೆ ಚೆನ್ನಾಗಿ ಬರ್ತಿತ್ತು, ಪುಷ್ಪಾ" ಎಂದರು. ನನಗೆ ಅದನ್ನು ಕೇಳಲಾಗಲಿಲ್ಲ. ಬೈದುಕೊಳ್ಳಲಿ ಎಂದು ನನ್ನ ತಪ್ಪನ್ನೆಲ್ಲ ಒಪ್ಪಿಕೊಂಡುಬಿಟ್ಟೆ: ಯಾರಿಗೂ ತಿಳಿಯದಿರಲಿ ಎಂದು ಅಜ್ಜನಿಗೆ ಹೇಳಿಕೊಂಡೆ, ನಿಮ್ಮನ್ನು ಕೊಲ್ಲುವಂಥದ್ದನ್ನೇ ಬೇಡಿದೆ ಎಂದೆ.

ಇವರು ಮರಗಟ್ಟಿದ ಬೆರಳನ್ನು ಇನ್ನೊಂದು ಕೈಯಿಂದ ತಿಕ್ಕಿಕೊಂಡರು. ಆಮೇಲೆ, "ನಾನೂ ಅದನ್ನೇ ಬೇಡಿದ್ದು ಮಾರಾಯ್ತಿ. ಪ್ರತಿ ಸಲ ಬಗ್ಗುವಾಗ. ಅಜ್ಜಾ, ಟೈಲರನಿಗೆ ಗೊತ್ತಾಗ್ಬಾರ್ದು ಅಂತ" ಎಂದರು.

ಒಂದೇ ಮನೆಯಲ್ಲಿದ್ದುಕೊಂಡು, ಒಬ್ಬರಿಗೊಬ್ಬರು ಹೇಳದೆ, ನಾವಿಬ್ಬರೂ ಅದನ್ನೇ ಬೇಡಿದ್ದೆವು. ಅಜ್ಜ ಇಬ್ಬರ ಮಾತಿಗೂ ಕಿವಿಗೊಡಲಿಲ್ಲ. ನನ್ನ ಸ್ವಾಮಿಗೆ ಕೋಟಿ ನಮಸ್ಕಾರ. ಈ ಬರಹ ಓದುವವರೇ, ನಿಮ್ಮ ಮನೆಯಲ್ಲೂ ಯಾರಾದರೂ ನೋವನ್ನು ನುಂಗಿಕೊಂಡಿದ್ದರೆ ದಯವಿಟ್ಟು ಮುಚ್ಚಿಡಬೇಡಿ, ಮುಚ್ಚಿಡಲು ದೈವವನ್ನೂ ಕೇಳಬೇಡಿ. ನಮ್ಮ ಕಷ್ಟ ಇನ್ನೂ ಮುಗಿದಿಲ್ಲ. ರಾಸ್ ಅಲ್ ಖೋರ್‌ನ ಹಳೆಯ ಗೋದಾಮಿನವರು ಕೂತು ಮಾಡುವ ಕೆಲಸ ಕೊಡುತ್ತೇವೆ ಎಂದಿದ್ದಾರೆ, ವೀಸಾ ಆಗಬೇಕಷ್ಟೆ. ಬೆರಳಿಗೆ ದಿನಾ ಸಣ್ಣ ಕೆಲಸ ಕೊಡಬೇಕೆಂದು ಆಸ್ಪತ್ರೆಯವರು ಹೇಳಿದ್ದಕ್ಕೆ, ನಾನು ಇದನ್ನು ಬರೆಯುತ್ತಿರುವಾಗ ಇವರು ನೆಲದಲ್ಲಿ ಕೂತು ಮಗಳಿಗೆ ಜಡೆ ಹಾಕುತ್ತಿದ್ದಾರೆ. ಅರ್ಧ ಗಂಟೆಯಾಯಿತು, ಎರಡು ಸಲ ಬಿಚ್ಚಿ ಮತ್ತೆ ಶುರುಮಾಡಿದ್ದಾರೆ. ಅವಳು "ಪಪ್ಪಾ, ಹರಿ ಅಪ್" ಎಂದು ಗೋಳಾಡುತ್ತಿದ್ದಾಳೆ. ಜಡೆ ಸೊಟ್ಟಗೇ ಆಗಿದೆ. ನಾನು ಸರಿಮಾಡಲು ಹೋಗುವುದಿಲ್ಲ.